ಬೇಸಿಗೆ ಕೊನೆಗೆ ಜರ್ಮನಿಯಿಂದ ಧಾರವಾಡಕ್ಕೆ: ಬಿಸಿಲಿಗಿಂತ ಮೊದಲ ಮಳೆಗೆ ತಯಾರಾಗಿ

ಪ್ರಶ್ನೆ: ಡಾಕ್ಟರ್, ನಾವು ಒಂಬತ್ತು ವರ್ಷದಿಂದ ಜರ್ಮನಿಯ ಟ್ಯೂಬಿಂಗನ್‌ನಲ್ಲಿದ್ದೇವೆ. ಸಣ್ಣ ಊರು, ತುಂಬಾ ಶಾಂತ. ಮಕ್ಕಳಿಬ್ಬರೂ ಅಲ್ಲೇ ಹುಟ್ಟಿದವರು. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಒಂದು ವರ್ಷ ಧಾರವಾಡದಿಂದಲೇ ಕೆಲಸ ಮಾಡಲು ನಮ್ಮ ಯಜಮಾನರ ಕಂಪನಿ ಒಪ್ಪಿದೆ. ಮೇ ಮೊದಲ ವಾರ ಬರುತ್ತೇವೆ. ಮಾಳಮಡ್ಡಿಯಲ್ಲಿ ಮಾವನವರ ಮನೆ ಇದೆ, ಮೇಲಿನ ಮಹಡಿ ನಮಗೆ ಬಿಟ್ಟುಕೊಡುತ್ತಾರೆ. ನನ್ನ ತವರು ಮೈಸೂರು, ಆ ಕಡೆಯ ಬೇಸಿಗೆ ನನಗೆ ಗೊತ್ತಿಲ್ಲ. ಎಲ್ಲರೂ ‘ಬೇಸಿಗೆಯಲ್ಲಿ ಯಾಕೆ, ಡಿಸೆಂಬರ್‌ನಲ್ಲಿ ಬನ್ನಿ’ ಅಂತಿದ್ದಾರೆ. ಮಕ್ಕಳು ಬಿಸಿಲು ತಡೆದುಕೊಳ್ಳುತ್ತಾರಾ? ಎಸಿ ಹಾಕಿಸಬೇಕಾ? ನೀರು, ಊಟ ಹೇಗೆ? ಧಾರವಾಡವೂ ಶಾಂತ ಊರು ಅಂತಾರೆ, ಅಲ್ಲಿ ಮಕ್ಕಳಿಗೆ ಬೇಜಾರಾಗಲ್ವಾ?

ಉತ್ತರ: ಮೊದಲು ಡಿಸೆಂಬರ್ ವಿಷಯ ಮುಗಿಸಿಬಿಡೋಣ. ಮೇನಲ್ಲೇ ಬನ್ನಿ. ಡಿಸೆಂಬರ್‌ನಲ್ಲಿ ಹವೆ ಚೆನ್ನಾಗಿರುತ್ತದೆ ನಿಜ, ಆದರೆ ನಿಮ್ಮ ಮಕ್ಕಳ ಜೊತೆ ಆಡಲು ಹಗಲಿಗೆ ಒಬ್ಬರೂ ಸಿಗುವುದಿಲ್ಲ. ಎಲ್ಲರೂ ಶಾಲೆಯಲ್ಲಿರುತ್ತಾರೆ. ಮೇ ತಿಂಗಳೆಂದರೆ ಓಣಿ ತುಂಬ ಮಕ್ಕಳು. ಅತ್ತೆಯ ಮಕ್ಕಳು, ಚಿಕ್ಕಪ್ಪನ ಮಕ್ಕಳು ಎಲ್ಲ ಅಜ್ಜನ ಮನೆಗೆ ಬಂದಿರುತ್ತಾರೆ. ಈ ಸಂತೆ ಇರುವುದು ಮೇ ಕೊನೆಯವರೆಗೆ ಮಾತ್ರ. ಆಮೇಲೆ ಶಾಲೆ ಶುರು. ನಿಮಗೆ ಸಿಗುವುದು ಮೂರೂವರೆ ವಾರ. ಅಷ್ಟರಲ್ಲಿ ನಿಮ್ಮ ಮಗಳ ಬಾಯಲ್ಲಿ ಎಷ್ಟು ಕನ್ನಡ ಬರುತ್ತದೆ ಅಂತ ನೀವೇ ನೋಡಿ.

ಮೂವತ್ತು ವರ್ಷದಿಂದ ಈ ಊರಲ್ಲಿ ಮಕ್ಕಳನ್ನು ನೋಡುತ್ತಿದ್ದೇನೆ. ಪರದೇಶದಿಂದ ಬರುವವರು ಬಿಸಿಲಿಗೆ ಹೆದರಿ ಟೊಪ್ಪಿಗೆ, ಸನ್‌ಸ್ಕ್ರೀನ್ ಎಲ್ಲ ಹೊತ್ತು ತರುತ್ತಾರೆ. ನನ್ನ ಕ್ಲಿನಿಕ್ ತುಂಬುವುದು ಬಿಸಿಲಿಗಲ್ಲ. ಮೊದಲ ಎರಡು-ಮೂರು ಮಳೆ ಬಿದ್ದ ಮೇಲೆ ನೋಡಬೇಕು, ಬೆಂಚಿನ ಮೇಲೆ ಜಾಗ ಇರುವುದಿಲ್ಲ. ವಾಂತಿ, ಭೇದಿ, ಜ್ವರ. ಹಾಗಾಗಿ ಬಿಸಿಲಿನ ಬಗ್ಗೆ ಹೇಳಬೇಕಾದಷ್ಟು ಹೇಳಿ, ನೀರಿನ ವಿಷಯಕ್ಕೆ ಬರುತ್ತೇನೆ.

ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಕೊನೆ, ಮೇ ಶುರುವಿನಲ್ಲಿ ಮಧ್ಯಾಹ್ನ 36ರಿಂದ 38 ಡಿಗ್ರಿ ಆಗುತ್ತದೆ. ರಾತ್ರಿ 22ರ ಆಸುಪಾಸು. ರಾಯಚೂರು, ಕಲಬುರಗಿಯವರು ಇದನ್ನು ಬೇಸಿಗೆ ಅಂತಲೇ ಒಪ್ಪುವುದಿಲ್ಲ ಬಿಡಿ. ಆದರೆ ನಿಮ್ಮ ಮಕ್ಕಳು 18-20 ಡಿಗ್ರಿಯಿಂದ ಎದ್ದು ಬರುತ್ತಿದ್ದಾರೆ. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಬರುವುದನ್ನೂ, ಬೆವರಿನಲ್ಲಿ ಉಪ್ಪು ಉಳಿಸಿಕೊಳ್ಳುವುದನ್ನೂ ಮೈ ಕಲಿಯುತ್ತದೆ. ಮೊದಲ ಹತ್ತು ದಿನ ಹಂಪಿ, ಬಾದಾಮಿ ಪ್ರವಾಸ ಬೇಡ. ನೆಂಟರು ಒತ್ತಾಯ ಮಾಡಿಯೇ ಮಾಡುತ್ತಾರೆ. ಡಾಕ್ಟರ್ ಬೇಡ ಅಂದಿದ್ದಾರೆ ಅಂತ ನನ್ನ ಮೇಲೆ ಹಾಕಿ.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ ಮಾತು ‘ಮೇಲಿನ ಮಹಡಿ’. ಪ್ರೀತಿಯಿಂದ ಕೊಡುತ್ತಿದ್ದಾರೆ, ಸರಿ. ಆದರೆ ಆರ್‌ಸಿಸಿ ಮಾಳಿಗೆ, ಅಂದರೆ ಕಾಂಕ್ರೀಟ್ ಚಾವಣಿ, ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನು ಕೋಣೆಯೊಳಗೆ ಬಿಡುತ್ತದೆ. ಹೊರಗೆ ತಂಪು ಗಾಳಿ ಬೀಸುತ್ತಿರುತ್ತದೆ, ಒಳಗೆ ಮಲಗಿದವರಿಗೆ ಮಧ್ಯರಾತ್ರಿಯವರೆಗೂ ಕಾವು. ಮಕ್ಕಳಿಗೆ ಬೆವರುಸಾಲೆ ಏಳುವುದು, ನಿದ್ದೆ ಕೆಟ್ಟು ಹಗಲಿಗೆ ರಚ್ಚೆ ಹಿಡಿಯುವುದು ಇದರಿಂದಲೇ. ಜೂನ್ ತನಕ ಕೆಳಗಿನ ಮನೆಯ ಪಡಸಾಲೆಯಲ್ಲಿ ಹಾಸಿಗೆ ಹಾಸಿ ಮಲಗಿಸಿ. ಅಜ್ಜ-ಅಜ್ಜಿಗೆ ಇದಕ್ಕಿಂತ ದೊಡ್ಡ ಖುಷಿ ಇಲ್ಲ. ಮೇಲಿನ ಮನೆ ಹಗಲಿನ ಕೆಲಸಕ್ಕಿರಲಿ. ಮಾಳಿಗೆಗೆ ದಪ್ಪಗೆ ಬಿಳಿ ಸುಣ್ಣ ಹೊಡೆಸಲು ಮಾವನವರಿಗೆ ಈಗಲೇ ಹೇಳಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಖರ್ಚು ಕಮ್ಮಿ, ಅದರ ಕೆಳಗಿನ ಕೋಣೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಮುಂಜಾನೆ ಒಂಬತ್ತೂವರೆ ಒಳಗೆ ಕಿಟಕಿ ಮುಚ್ಚಿ ಪರದೆ ಎಳೆಯಿರಿ. ಸಂಜೆ ಆರಕ್ಕೆ ಎಲ್ಲ ತೆರೆಯಿರಿ. ಇದು ನಿಮಗೆ ಹೊಸದೇನಲ್ಲ. ಜುಲೈನಲ್ಲಿ ಅಲ್ಲಿ ಕಿಟಕಿಯ ಶಟರ್ ಇಳಿಸಿ ಕೂರುತ್ತೀರಲ್ವಾ, ಅದೇ ಲೆಕ್ಕ. ತಮಾಷೆ ಅಂದರೆ, ಅಲ್ಲಿ ತಪ್ಪದೆ ಇದನ್ನು ಮಾಡುವವರು ಇಲ್ಲಿಗೆ ಬಂದು ‘ಗಾಳಿ ಬರಲಿ’ ಅಂತ ಮಧ್ಯಾಹ್ನ ಎರಡಕ್ಕೆ ಕಿಟಕಿ ತೆಗೆದಿಡುತ್ತಾರೆ.

ಎಸಿ ಕೇಳಿದಿರಿ. ಬೇಕೇಬೇಕು ಅಂತಿಲ್ಲ. ಯಜಮಾನರು ಕೆಲಸ ಮಾಡುವ ಮೇಲಿನ ಕೋಣೆಗೆ ಒಂದು ಹಾಕಿಸಿದರೆ ತಪ್ಪೂ ಇಲ್ಲ. ಕೂಲರ್ ಮಾತ್ರ ಈಗ ಕೊಳ್ಳಬೇಡಿ. ನೀರು ಆರುವಾಗ ಗಾಳಿ ತಣ್ಣಗಾಗುತ್ತದೆ, ಕೂಲರ್ ಕೆಲಸ ಮಾಡುವುದು ಹಾಗೆ. ಮಾರ್ಚ್, ಏಪ್ರಿಲ್‌ನ ಒಣ ಹವೆಗೆ ಅದು ಸರಿ. ನೀವು ಬಂದು ವಾರ-ಹದಿನೈದು ದಿನಕ್ಕೆ ಮೋಡ ಕಟ್ಟಿ ಹವೆಯಲ್ಲಿ ತೇವ ಜಾಸ್ತಿಯಾಗುತ್ತದೆ. ಆಗ ಅದೇ ಕೂಲರ್ ಮನೆಯೊಳಗೆ ಬರೀ ಒದ್ದೆ ಗಾಳಿ ಊದುತ್ತದೆ.

ಇನ್ನು ನೀವು ಕೇಳದ ಒಂದು ವಿಷಯ. ಕೆಲಸದ ವೇಳೆ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ತಾಸು ಹಿಂದೆ. ಅಲ್ಲಿನ ಮುಂಜಾನೆ ಒಂಬತ್ತು ಅಂದರೆ ಇಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಅಲ್ಲಿನ ಸಂಜೆ ಐದಕ್ಕೆ ಇಲ್ಲಿ ರಾತ್ರಿ ಎಂಟೂವರೆ. ಅಂದರೆ ಯಜಮಾನರ ಮುಂಜಾನೆ ಪೂರ್ತಿ ಖಾಲಿ! ಧಾರವಾಡದ ಬೇಸಿಗೆಗೆ ಇದಕ್ಕಿಂತ ಒಳ್ಳೆಯ ನೌಕರಿ ಇಲ್ಲ. ಐದೂವರೆಗೆ ಏಳಿ, ಆರಕ್ಕೆ ಬೆಳಕು ಹರಿದಿರುತ್ತದೆ. ಕೆಲಗೇರಿ ಕೆರೆ ದಂಡೆ, ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡ, ಸಾಧನಕೇರಿ, ದಿನಕ್ಕೊಂದು ಕಡೆ ಹೋಗಿ. ಎಂಟೂವರೆಗೆ ಮನೆ ಸೇರಿ. ಸ್ನಾನ, ತಿಂಡಿ, ನೆರಳಲ್ಲಿ ಆಟ. ಒಂದಕ್ಕೆ ಊಟ, ಆಮೇಲೆ ಕೆಲಸಕ್ಕೆ ಕೂತ ಯಜಮಾನರನ್ನು ಬಿಟ್ಟು ಮನೆಮಂದಿಯೆಲ್ಲ ಅಡ್ಡಾಗುವುದು.

ಆ ಮಧ್ಯಾಹ್ನದ ಹೊತ್ತನ್ನು ಏನಾದರೂ ಮಾಡಿ ತುಂಬಿಸಲು ಹೋಗಬೇಡಿ ತಂಗಿ. ಡ್ರಾಯಿಂಗ್ ಕ್ಲಾಸು, ಸಮ್ಮರ್ ಕ್ಯಾಂಪು ಅಂತ ಎರಡು ಗಂಟೆಗೆ ಮಕ್ಕಳನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಓಡಾಡುವ ತಾಯಂದಿರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಒಂದರಿಂದ ನಾಲ್ಕು ಊರಿಗೆ ಊರೇ ಬಾಗಿಲು ಮುಂದೆ ಮಾಡಿ ಮಲಗುತ್ತದೆ. ನೀವೂ ಮಲಗಿ. ನಿದ್ದೆ ಬಾರದ ಮಗು ನೆಲದ ಮೇಲೆ ಹೊರಳಾಡಲಿ, ಫ್ಯಾನಿನ ರೆಕ್ಕೆ ಎಣಿಸಲಿ. ಬೇಜಾರಾದರೆ ಆಗಲಿ.

ತೊಂದರೆ ಬರುವುದು ಸಂಜೆ. ಮೇ ತಿಂಗಳ ಅಡ್ಡ ಮಳೆ ಹೆಚ್ಚಾಗಿ ಮಧ್ಯಾಹ್ನ ಮೂರರಿಂದ ರಾತ್ರಿ ಏಳರ ನಡುವೆ ಬರುತ್ತದೆ. ಜೋರು ಗಾಳಿ, ಗುಡುಗು, ಒಮ್ಮೊಮ್ಮೆ ಆಲಿಕಲ್ಲು. ಗಿಡದ ಕೊಂಬೆ ತಂತಿ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ. ಅದು ಸರಿಯಾಗಿ ಯಜಮಾನರ ಮೀಟಿಂಗ್ ಹೊತ್ತು. ಇನ್ವರ್ಟರ್ ಇಲ್ಲದಿದ್ದರೆ ವೈಫೈ ಪೆಟ್ಟಿಗೆಗಾದರೂ ಸಣ್ಣ ಯುಪಿಎಸ್ ಇಡಿ, ಮೊಬೈಲ್ ಡೇಟಾ ತಯಾರಿರಲಿ. ಇನ್ನೊಂದು. ಸಂಜೆ ಐದೂವರೆಯಿಂದ ಏಳು ಈ ಊರಿನ ಅತ್ಯಂತ ಚೆಂದದ ಹೊತ್ತು. ಪಡುವಣ ಗಾಳಿ ಬಿಡುತ್ತದೆ, ಎಲ್ಲರೂ ಕಟ್ಟೆಗೆ ಬರುತ್ತಾರೆ. ಅಪ್ಪ ಮಾತ್ರ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತಿರುವುದು ಬೇಡ. ಅಲ್ಲಿನ ಊಟದ ಬಿಡುವನ್ನು ಈ ಹೊತ್ತಿಗೆ ಹೊಂದಿಸಿಕೊಳ್ಳಲು ಆಗುತ್ತದಾ ಅಂತ ಈಗಲೇ ಆಫೀಸಿನಲ್ಲಿ ಕೇಳಲಿ.

ಮಕ್ಕಳಿಗೆ ಒಂದು ವಿಷಯ ವಿಚಿತ್ರ ಅನ್ನಿಸಬಹುದು. ಮೇ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕು, ಆದರೂ ಎಂಟಕ್ಕೆಲ್ಲ ಮಲಗಿಸಿಬಿಡುತ್ತೀರಿ. ಇಲ್ಲಿ ಏಳಕ್ಕೆ ಕತ್ತಲು, ಒಂಬತ್ತಕ್ಕೆ ನೆಂಟರು ಬರುತ್ತಾರೆ, ಫೋನ್ ಕೂಡ ಮಾಡದೆ. ಮಧ್ಯಾಹ್ನ ಮಲಗಿದ ಮಕ್ಕಳು ಹತ್ತರವರೆಗೆ ಎದ್ದಿದ್ದರೆ ಏನೂ ಆಗಲ್ಲ.

ಈಗ ನೀರು. ಹುಬ್ಬಳ್ಳಿ-ಧಾರವಾಡಕ್ಕೆ ಮುಖ್ಯವಾಗಿ ನೀರು ಬರುವುದು ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ. ಕೆಲವು ಬಡಾವಣೆಗಳಲ್ಲಿ ದಿನದ 24 ತಾಸೂ ಬರುತ್ತದೆ. ಉಳಿದ ಕಡೆ ಕೆಲವು ದಿನಕ್ಕೊಮ್ಮೆ. ನಿಮ್ಮ ಓಣಿಗೆ ಯಾವಾಗ ಬರುತ್ತದೆ ಅಂತ ಅತ್ತೆಯವರಿಗೆ ಬಾಯಿಪಾಠ ಇರುತ್ತದೆ, ಕೇಳಿಕೊಳ್ಳಿ. ಪೈಪು ಖಾಲಿ ಇರುವ ದಿನಗಳಲ್ಲಿ ಅದರೊಳಗೆ ಒತ್ತಡ ಇರುವುದಿಲ್ಲ. ಎಲ್ಲಾದರೂ ಬಿರುಕಿದ್ದರೆ ಪಕ್ಕದ ಗಟಾರಿನ ನೀರು ಒಳಗೆ ಸೇರುತ್ತದೆ. ಬೇಸಿಗೆಯಲ್ಲಿ ಗಟಾರು ಒಣಗಿರುತ್ತದೆ, ಅಷ್ಟು ತೊಂದರೆ ಕಾಣುವುದಿಲ್ಲ. ಮೊದಲ ಮಳೆ ಬಿದ್ದು ಗಟಾರು ತುಂಬಿದಾಗ ಆಟ ಶುರು. ನನ್ನ ಬೆಂಚು ತುಂಬುವುದಕ್ಕೆ ಕಾರಣ ಇದು.

ಹಾಗಾಗಿ ನಲ್ಲಿ ಬಂದಾಗ ಮೊದಲ ಹತ್ತು ನಿಮಿಷದ ನೀರು ಗಿಡಕ್ಕೆ, ಪಾಯಖಾನೆಗೆ ಹೋಗಲಿ. ಕುಡಿಯುವ ನೀರನ್ನು ಕುದಿಸಿ. ಬಿಸಿ ಮಾಡುವುದಲ್ಲ, ಮಳ್ಳಿಸುವುದು. ಗುಳ್ಳೆ ಎದ್ದು ಒಂದು ನಿಮಿಷ ಕುದಿದರೆ ಸಾಕು. ಆರಿಸಿ, ಮುಚ್ಚಳ ಇರುವ ಮಣ್ಣಿನ ಹರವಿಯಲ್ಲಿ ಹಾಕಿ, ಹಿಡಿಕೆ ಇರುವ ಸೌಟಿನಿಂದ ತೆಗೆಯಿರಿ. ಲೋಟ ಅದ್ದಬೇಡಿ. ಹರವಿ ನೀರಿನ ರುಚಿ ಫ್ರಿಜ್ ನೀರಿಗೆ ಬರುವುದಿಲ್ಲ, ಮಕ್ಕಳೂ ಜಾಸ್ತಿ ಕುಡಿಯುತ್ತಾರೆ.

ನಿಮ್ಮ ಮಕ್ಕಳ ವಿಷಯದಲ್ಲಿ ದೊಡ್ಡ ಅಪಾಯ ಅಭ್ಯಾಸದ್ದು. ಅಲ್ಲಿ ಹುಟ್ಟಿದವರಿಗೆ ನಲ್ಲಿ ತಿರುಗಿಸಿ ಕುಡಿಯುವುದು ಉಸಿರಾಡಿದಷ್ಟು ಸಹಜ. ಆಡಿ ಬಂದವರು ನೇರ ಹಿತ್ತಲ ನಲ್ಲಿಗೆ ಬಾಯಿ ಹಚ್ಚುತ್ತಾರೆ. ಹೇಳಿದರೆ ಮರೆಯುತ್ತಾರೆ. ಎಲ್ಲ ನಲ್ಲಿಗೂ ಒಂದೊಂದು ಕೆಂಪು ರಿಬ್ಬನ್ ಕಟ್ಟಿ. ಹಲ್ಲುಜ್ಜುವ ಜಾಗದಲ್ಲಿ ಕುದಿಸಿದ ನೀರಿನ ತಂಬಿಗೆ ಇಡಿ.

ಭೇದಿ ಶುರುವಾದರೆ ಹೆದರಬೇಡಿ, ಒಆರ್‌ಎಸ್ ಶುರುಮಾಡಿ. ಔಷಧಿ ಅಂಗಡಿಯಲ್ಲಿ ಪುಡಿಯ ಪೊಟ್ಟಣ ಕೇಳಿ, ಹಣ್ಣಿನ ರುಚಿಯ ಸಿಹಿ ಡಬ್ಬಿ ಬೇಡ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಅರ್ಧಕ್ಕರ್ಧ ಮಾಡುವ ಹಾಗಿಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡನ್ನೂ ಚಮಚದ ಅಂಚಿಗೆ ಮಟ್ಟ ಮಾಡಿ ಅಳೆದು. ಮಗು ಆರು ತಾಸು ಮೂತ್ರ ಮಾಡದಿದ್ದರೆ, ಕಣ್ಣು ಒಳಗೆ ಹೋದಂತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ.

ದಿನಾಲೂ ನೀರು ಬರುವುದಿಲ್ಲ ಅಂದರೆ ಮನೆಮನೆಯಲ್ಲೂ ಡ್ರಮ್ಮು, ಬ್ಯಾರಲ್ಲು ತುಂಬಿರುತ್ತವೆ. ಡೆಂಗಿ ಹರಡುವ ಸೊಳ್ಳೆಗೆ ಕೊಳಚೆ ಬೇಕಿಲ್ಲ. ಅದು ಮೊಟ್ಟೆ ಇಡುವುದು ಇಂಥ ತಿಳಿ ನೀರಿನಲ್ಲೇ, ಕಚ್ಚುವುದು ಹಗಲಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ವಾರಕ್ಕೊಮ್ಮೆ ಡ್ರಮ್ಮು ಪೂರ್ತಿ ಖಾಲಿ ಮಾಡಿ, ಒಳಗಿನ ಗೋಡೆ ತಿಕ್ಕಿ ಒಣಗಿಸಿ. ತಿಕ್ಕುವುದು ಮುಖ್ಯ, ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ. ಇಷ್ಟೆಲ್ಲ ಉಪದೇಶ ಮಾಡುವ ನನ್ನ ಮನೆಗೆ ಒಂದು ವರ್ಷ ಆಶಾ ಕಾರ್ಯಕರ್ತೆ ಬಂದು, ಟಾರ್ಚ್ ಹಾಕಿ, ಹಿತ್ತಲ ಬ್ಯಾರಲ್ಲಿನಲ್ಲಿ ಹುಳ ತೋರಿಸಿ ‘ಏನ್ರೀ ಡಾಕ್ಟರವ್ರ’ ಅಂತ ನಕ್ಕು ಹೋದಳು. ಆವತ್ತಿನಿಂದ ರವಿವಾರ ನಮ್ಮ ಮನೆಯಲ್ಲಿ ಡ್ರಮ್ಮು ತಿಕ್ಕುವ ದಿನ. ಜ್ವರ ಬಂದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಮಾತ್ರ ಕೊಡಿ. ನೀವು ಅಲ್ಲಿಂದ ತರುವ ಐಬುಪ್ರೊಫೆನ್ ಸಿರಪ್, ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಪೆಟ್ಟಿಗೆಯಲ್ಲೇ ಇರಲಿ. ಡೆಂಗಿಯಲ್ಲಿ ಅದರಿಂದ ರಕ್ತಸ್ರಾವದ ಅಪಾಯ ಹೆಚ್ಚು.

ನಾಯಿಯ ವಿಷಯ ನೀವು ಬರೆದಿಲ್ಲ. ಬರೆಯದಿದ್ದದ್ದಕ್ಕೇ ಹೇಳುತ್ತೇನೆ. ಅಲ್ಲಿ ಕಾಣುವ ಪ್ರತಿ ನಾಯಿಗೂ ಒಬ್ಬ ಒಡೆಯ ಇರುತ್ತಾನೆ, ಲಸಿಕೆ ಆಗಿರುತ್ತದೆ. ಮಕ್ಕಳು ಮುದ್ದು ಮಾಡಲು ಓಡುತ್ತಾರೆ. ನಮ್ಮ ಓಣಿಯ ನಾಯಿಗಳು ಬೇರೆ. ಮುಟ್ಟಬಾರದು, ಓಡಬಾರದು, ಮರಿಗಳ ಹತ್ತಿರ ಹೋಗಬಾರದು ಅಂತ ವಿಮಾನದಲ್ಲೇ ಹೇಳಿಕೊಡಿ. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಬನ್ನಿ. ಅರಿಶಿಣ, ಸುಣ್ಣ ಏನೂ ಹಚ್ಚಬಾರದು. ಸರಕಾರಿ ಆಸ್ಪತ್ರೆಯಲ್ಲಿ ಲಸಿಕೆ ಪುಕ್ಕಟೆ. ಒಂದು ವರ್ಷ ಇರುವವರಾದ್ದರಿಂದ ಮುಂಚೆಯೇ ಹಾಕಿಸುವ ರೇಬೀಸ್ ಲಸಿಕೆ, ಜೊತೆಗೆ ಟೈಫಾಯ್ಡ್, ಹೆಪಟೈಟಿಸ್ ಎ ಬಗ್ಗೆ ಅಲ್ಲಿನ ಮಕ್ಕಳ ಡಾಕ್ಟರ್ ಹತ್ತಿರ ಮಾತಾಡಿ. ಹೊರಡುವ ಒಂದು ತಿಂಗಳ ಮೊದಲೇ ಮುಗಿಸಿ.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. ಅತ್ತೆಯವರ ಅಡುಗೆ ಮನೆಗಿಂತ ಸುರಕ್ಷಿತ ಜಾಗ ಇಲ್ಲ. ಖಾರ ಕಡಿಮೆ ಮಾಡಿಸಿ, ಅಷ್ಟೇ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ಉಪ್ಪು ಹಾಕಿ ಕೊಟ್ಟರೆ ಬೇಸಿಗೆಗೆ ಅದಕ್ಕಿಂತ ಹಿತವಾದದ್ದು ಕಾಣೆ. ರಸ್ತೆ ಬದಿಯ ಐಸ್ ಗೋಲಾ ಈ ವರ್ಷ ಬೇಡ.

ಮಾವಿನ ಹಣ್ಣು ಮಾತ್ರ ಬಿಡುವಂತಿಲ್ಲ. ಧಾರವಾಡದ ಸುತ್ತ ಬೆಳೆಯುವ ಆಪೂಸು ನೀವು ಬರುವ ಹೊತ್ತಿಗೆ ಬುಟ್ಟಿ ಬುಟ್ಟಿ ಬಂದಿರುತ್ತದೆ. ಪರಿಚಯದ ತೋಟದವರಿಂದ ಕಾಯಿ ತಂದು ಮನೆಯಲ್ಲೇ ಹುಲ್ಲಿನಲ್ಲಿ ಹಣ್ಣಿಗೆ ಹಾಕಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ, ಮಾಡುವವರು ಮಾಡುತ್ತಲೇ ಇದ್ದಾರೆ. ತಿನ್ನುವ ಮುಂಚೆ ಅರ್ಧ ತಾಸು ನೀರಲ್ಲಿ ಇಟ್ಟು, ತೊಟ್ಟು ಕತ್ತರಿಸಿ ಸೊನೆ ತೊಳೆಯಿರಿ. ಇಲ್ಲದಿದ್ದರೆ ಬಾಯಿಯ ಅಂಚಿಗೆ ಸುಟ್ಟಂಥ ಗುಳ್ಳೆ ಏಳುತ್ತವೆ. ಹಣ್ಣು ‘ಉಷ್ಣ’ ಅಂತ ಅಜ್ಜಿ ಹೇಳುತ್ತಾರೆ, ಅದೇ ಅಜ್ಜಿ ‘ಇನ್ನೊಂದರ ತಿನ್ಲಿ ಬಿಡವ್ವಾ, ಕೂಸು’ ಅಂತಲೂ ಹೇಳುತ್ತಾರೆ. ಎರಡನೇ ಮಾತನ್ನೇ ಕೇಳಿ, ಆದರೆ ದಿನಕ್ಕೆ ಎರಡರ ಮೇಲೆ ಬೇಡ. ಸೀಕರಣಿ, ಚಪಾತಿ ಮಾಡಿದ ದಿನ ಲೆಕ್ಕ ತಪ್ಪಿದರೆ ಹೋಗಲಿ ಬಿಡಿ. ಮಳೆ ಹಿಡಿದ ಮೇಲೆ ಹಣ್ಣಿನೊಳಗೆ ಹುಳ ಬೀಳುತ್ತದೆ, ಆಗ ಕತ್ತರಿಸಿ ನೋಡದೆ ಕೊಡಬೇಡಿ.

ಬೇಜಾರಾಗಲ್ವಾ ಅಂದಿರಿ. ಟ್ಯೂಬಿಂಗನ್‌ನ ರವಿವಾರ ನೆನಪಿದೆಯಲ್ವಾ? ಹುಲ್ಲು ಕತ್ತರಿಸುವ ಮಶೀನ್ ಸಪ್ಪಳವೂ ಆಗಬಾರದು. ನಮ್ಮ ಊರು ಶಾಂತ ಅಂತ ನಾವೂ ಹೇಳಿಕೊಳ್ಳುತ್ತೇವೆ, ಆದರೆ ಮೇ ತಿಂಗಳಲ್ಲಿ ಮದುವೆ ಬ್ಯಾಂಡು, ಭಜನೆ, ಕುಕ್ಕರ್ ಸೀಟಿ, ಓಣಿಯ ಕ್ರಿಕೆಟ್ ಎಲ್ಲ ಇರುತ್ತದೆ. ಇಲ್ಲಿ ಯಾರಿಗೂ ಅವಸರ ಇರುವುದಿಲ್ಲ, ಅಷ್ಟೇ. ಮಾಳಿಗೆ ಮೇಲೆ ಸಂಡಿಗೆ, ಹಪ್ಪಳ, ಶ್ಯಾವಿಗೆ ಒಣಗಿಸುವ ಕೊನೆಯ ದಿನಗಳು ಅವು, ಮಳೆ ಬಂತೆಂದರೆ ಮುಗಿಯಿತು. ಕಾಗೆ ಓಡಿಸುವ ಕೆಲಸ ನಿಮ್ಮ ಮಗನಿಗೆ ಕೊಡಿ, ಮುಂಜಾನೆ ಹೊತ್ತು ಮಾತ್ರ. ಅರ್ಧ ಸಂಡಿಗೆ ಹಸಿದೇ ಅವನ ಹೊಟ್ಟೆ ಸೇರುತ್ತದೆ.

ಮಗಳಿಗೆ ಒಂದು ಕತೆ ಹೇಳಬಹುದು. ಫರ್ಡಿನಾಂಡ್ ಕಿಟೆಲ್ ಎಂಬ ಜರ್ಮನ್ ಪಾದ್ರಿ 1853ರಲ್ಲಿ ನಮ್ಮ ಕಡೆ ಬಂದು, ಕನ್ನಡ ಕಲಿತು, ಕೊನೆಗೆ ಕನ್ನಡಕ್ಕೇ ದೊಡ್ಡ ನಿಘಂಟು ಮಾಡಿಕೊಟ್ಟ. ಅದು ಅಚ್ಚಾದದ್ದು 1894ರಲ್ಲಿ. ಆತ 1903ರಲ್ಲಿ ತೀರಿಕೊಂಡದ್ದು ನಿಮ್ಮ ಟ್ಯೂಬಿಂಗನ್‌ನಲ್ಲೇ. ಧಾರವಾಡದಲ್ಲಿ ಅವನ ಹೆಸರಿನ ಕಾಲೇಜಿದೆ, ಒಂದು ಮುಂಜಾನೆ ತೋರಿಸಿಕೊಂಡು ಬನ್ನಿ. ಜರ್ಮನ್ ಮಾತಾಡುವವರೂ ಕನ್ನಡ ಕಲಿತಿದ್ದರು ಅಂತ ಗೊತ್ತಾದರೆ ಆ ಹುಡುಗಿಗೆ ತನ್ನ ತಪ್ಪು ಕನ್ನಡದ ನಾಚಿಕೆ ಸ್ವಲ್ಪ ಕಡಿಮೆಯಾದೀತು.

ಬಿಸಿಲು ಹೆಚ್ಚಾದ ದಿನ ಚಿಗರಿ ಬಸ್ ಹತ್ತಿಸಿ. ಎಸಿ ಇರುತ್ತದೆ, ಧಾರವಾಡದಿಂದ ಹುಬ್ಬಳ್ಳಿಗೆ ತನ್ನದೇ ದಾರಿಯಲ್ಲಿ ಹೋಗುತ್ತದೆ. ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, 2023ರಲ್ಲಿ ಉದ್ಘಾಟನೆಯಾದದ್ದು. ನಾಲ್ಕು ವರ್ಷದ ಹುಡುಗನಿಗೆ ಅದರ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುವುದೇ ಒಂದು ಪ್ರವಾಸ.

ಗುಡುಗಿನ ಒಂದು ಮಾತು ಉಳಿಯಿತು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂತಾರೆ. ಆ ಮಳೆಯ ದಿನಗಳಲ್ಲೇ ನೀವು ಬಂದಿಳಿಯುತ್ತೀರಿ. ರೈತರಿಗೆ ಖುಷಿ, ಆದರೆ ಈ ಮಳೆಗಳಲ್ಲಿ ಸಿಡಿಲು ಜಾಸ್ತಿ. ಗುಡುಗು ಕೇಳಿಸಿತೆಂದರೆ ಮಕ್ಕಳು ಒಳಗಿರಬೇಕು, ಕೊನೆಯ ಗುಡುಗು ಕೇಳಿ ಅರ್ಧ ತಾಸಿನವರೆಗೂ. ಗಿಡದ ಕೆಳಗೆ ನಿಲ್ಲುವುದು, ಮಾಳಿಗೆಗೆ ಬಟ್ಟೆ ತೆಗೆಯಲು ಓಡುವುದು ಎರಡೂ ಬೇಡ. ಬಟ್ಟೆ ನೆನೆದರೆ ನೆನೆಯಲಿ. ಮಳೆಯಾದ ಮರುದಿನ ಹೊರಗಿಟ್ಟ ಚಪ್ಪಲಿ, ಬೂಟು ಜಾಡಿಸಿ ಹಾಕಿಕೊಳ್ಳುವುದನ್ನು ರೂಢಿ ಮಾಡಿಸಿ, ಚೇಳು ಸೇರಿರುತ್ತದೆ.

ಜೂನ್ ಮೊದಲ ವಾರ ದಾಟುವ ಹೊತ್ತಿಗೆ ಮುಂಗಾರು ಬರುತ್ತದೆ, ಮೃಗಶಿರಾ ಮಳೆ ಹಿಡಿಯುತ್ತದೆ. ಆಗ ಮೇಲಿನ ಮಹಡಿಗೆ ಹಾಸಿಗೆ ಏರಿಸಿ, ಅದಕ್ಕಿಂತ ಹಾಯಾದ ಜಾಗ ಇರುವುದಿಲ್ಲ. ಪೆಟ್ಟಿಗೆಯಲ್ಲಿ ಬಿಸಿಲಿನ ಸಾಮಾನು ಕಡಿಮೆ ಮಾಡಿ. ಟೊಪ್ಪಿಗೆ, ತೆಳು ಹತ್ತಿ ಬಟ್ಟೆ ಇಲ್ಲಿ ಸುಭಾಸ ರೋಡಿನಲ್ಲಿ ಸಿಗುತ್ತವೆ. ಅಲ್ಲಿನ ಮಕ್ಕಳು ಕೆಸರಲ್ಲಿ ಆಡಲು ಹಾಕುತ್ತಾರಲ್ಲ, ಆ ರಬ್ಬರ್ ಬೂಟು, ನೀರು ಹಿಡಿಯದ ಪ್ಯಾಂಟು, ಅದು ನಮ್ಮ ಕಡೆ ಸುಲಭಕ್ಕೆ ಸಿಗಲ್ಲ. ಇಬ್ಬರಿಗೂ ಒಂದೊಂದು ಜೊತೆ ತನ್ನಿ, ಒಂದು ಅಳತೆ ದೊಡ್ಡದೇ ಇರಲಿ.